ವರ್ಜಿಲ್‌ನ ಎದೆಯಲ್ಲಿದ್ದ ಚರೆ

ನನಗೆ ಮರೆವು ಬಂದಿದೆ, ಹೋದ ಸಲ ಹೇಳಿದ್ದರಲ್ಲಿ ಅರ್ಧ ಕಟ್ಟುಕಥೆ ಎಂದು ಯಾರೋ ಆಡಿಕೊಂಡರಂತೆ. ಆಡಿಕೊಂಡವರು ಇತ್ತ ಕಿವಿ ಕೊಡಿ. ನಿನ್ನೆ ಕನ್ನಡಕ ಎಲ್ಲಿಟ್ಟೆ ಎಂದು ಕೇಳಿದರೆ ನನಗೆ ಗೊತ್ತಿಲ್ಲ, ಒಪ್ಪುತ್ತೇನೆ. ಆದರೆ ವರ್ಜಿಲ್ ಕೆಟರ್ಲಿಂಗ್ ತನ್ನದೇ ಮೆಕ್ಕೆಜೋಳದ ಹೊಲದ ತುದಿಯಲ್ಲಿ ಎದೆಗೆ ಚರೆ ಬಿದ್ದು ಸತ್ತನಲ್ಲ, ಆ ದಿನ ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಎಂದು ಕೇಳಿ. ವಾಯವ್ಯದಿಂದ. ಅನುಮಾನ ಇದ್ದವರು ಎದ್ದು ಹೋಗಿ ಕಾಫಿ ಕುಡಿಯಿರಿ. ಉಳಿದವರಿಗೆ ಒಂದೇ ಮಾತಿನಲ್ಲಿ ನೆನಪು ಮಾಡಿಬಿಡುತ್ತೇನೆ: ಅಪ್ಪನನ್ನು ಕೊಂದದ್ದು ನನ್ನ ಈಡೇ ಎಂದು ಮಗಳು ರೊವೀನಾ ಒಪ್ಪಿಕೊಂಡಿದ್ದಾಳೆ, ಆ ಮಾತನ್ನು ನಂಬದವನು ಇಡೀ ಜಿಲ್ಲೆಯಲ್ಲಿ ಒಬ್ಬನೇ.

ಆ ಒಬ್ಬ, ಓರ್ಲಿನ್ ಹೌಗನ್, ಚಾಕುವಿನಿಂದ ಅವಳ ತೋಟಾವೊಂದರ ಹೊಟ್ಟೆ ಸೀಳಿ ಒಳಗಿನ ಚರೆಯನ್ನು ಕೆಟರ್ಲಿಂಗರ ಟ್ರ್ಯಾಕ್ಟರ್ ಶೆಡ್ಡಿನ ಮೇಜಿನ ಮೇಲೆ ಸುರಿದ. ಬೂದು ಬಣ್ಣದ ಕಾಳುಗಳು, ಸಾಸಿವೆಗಿಂತ ದಪ್ಪ, ಮೆಣಸಿಗಿಂತ ಸಣ್ಣ, ಉರುಳಿಕೊಂಡು ಹೋಗಿ ಗ್ರೀಸ್ ಡಬ್ಬಿಗೆ ತಾಗಿ ನಿಂತವು.

ಮೇಜಿನ ಆಚೆ ರೊವೀನಾ ಕೂತಿದ್ದಳು. ಓರ್ಲಿನ್‌ನ ಹೆಂಡತಿ ಆರ್ಡಿತ್ ಕಳಿಸಿದ್ದ ಹಣ್ಣಿನ ಕೂಕನ್ ಕೇಕು ಅವಳ ಪಕ್ಕದಲ್ಲಿ ಬಟ್ಟೆ ಮುಚ್ಚಿಕೊಂಡೇ ಇತ್ತು. ಸಾವಾದ ಮನೆಗೆ ಬರಿಗೈಲಿ ಹೋಗುವ ಪದ್ಧತಿ ಡಕೋಟದ ಆ ಬಯಲುಸೀಮೆಯಲ್ಲಿಲ್ಲ. ಹಾಗೆ ತಂದದ್ದನ್ನು ಆ ಮನೆಯವರು ತಿನ್ನುವ ಪದ್ಧತಿಯೂ ಇಲ್ಲ.

"ಆರನೇ ನಂಬರು," ಎಂದ ಓರ್ಲಿನ್.

"ಹೂಂ ಮಾಮ."

"ಸೀಸ."

"ಸೀಸಾನೇ. ನಮ್ಮ ಹೊಲದಲ್ಲಿ ಸೀಸ ಬೇಡ ಅನ್ನೋರು ಯಾರಿದ್ದಾರೆ?"

"ವೇಗ?"

"ನಿಧಾನದ್ದು. ಡಬ್ಬಿ ಮೇಲೆ ಸೆಕೆಂಡಿಗೆ ಸಾವಿರದ ಇನ್ನೂರು ಅಡಿ ಅಂತಿದೆ. ಅಂಗಡಿಯವನು ಸಾವಿರದ ಐನೂರರದ್ದು ತಗೋ, ಮಿಂಚಿನ ಹಾಗೆ ಹೋಗುತ್ತೆ ಅಂದ. ಮಿಂಚು ಬೇಕಿದ್ರೆ ಮಳೆಗಾಲದಲ್ಲಿ ನೋಡ್ಕೋತೀನಿ ಕಣಯ್ಯ, ನನಗೆ ಬೇಕಾಗಿರೋದು ಹುಂಜ ಅಂದೆ."

ಓರ್ಲಿನ್‌ನ ಮೀಸೆ ಅಲುಗಿತು. ಆ ಮಾತು ಅವಳದಲ್ಲ, ಅವಳಪ್ಪನದು. ಫೆಸೆಂಟ್ ಎಂಬ ಕಾಡುಕೋಳಿಯ ಬೇಟೆಯ ಕಾಲ ಬಂತೆಂದರೆ ವರ್ಜಿಲ್ ಅಂಗಡಿಯ ಕಟ್ಟೆಯ ಮುಂದೆ ನಿಂತು, ವೇಗ ವೇಗ ಎಂದು ಬಡಬಡಿಸುವ ಪಟ್ಟಣದವರನ್ನು ಹೀಗೇ ಗೇಲಿ ಮಾಡುತ್ತಿದ್ದ.

"ಆರನೇ ನಂಬರೇ ಯಾಕೆ? ನಾಲ್ಕು, ಐದು, ಇದಕ್ಕಿಂತ ದಪ್ಪದ್ದು ಇರಲಿಲ್ವಾ?"

ರೊವೀನಾ ಒಂದು ಕಾಳನ್ನು ಉಗುರಿನಿಂದ ಒತ್ತಿದಳು. ಸೀಸ ಮೆತ್ತಗೆ ತಗ್ಗಿತು. "ನಮ್ಮ ನಾಯಿ ಹತ್ತಿರದಲ್ಲೇ ಹಕ್ಕಿ ಎಬ್ಬಿಸುತ್ತೆ ಮಾಮ. ಹತ್ತಿರದ ಹಕ್ಕಿಗೆ ಸಣ್ಣ ಚರೆ ಸಾಕು. ಕಾಳು ಜಾಸ್ತಿ ಇರುತ್ತೆ, ಒಂದಲ್ಲ ಒಂದು ತಗಲುತ್ತೆ. ದಪ್ಪ ಚರೆ ಹಾಕ್ಕೊಂಡ್ರೆ ದೂರದ್ದರ ಮೇಲೆ ಆಸೆ ಹುಟ್ಟುತ್ತೆ. ಆಸೆಗೆ ಹೊಡೆದ ಹಕ್ಕಿ ಹುಲ್ಲಲ್ಲಿ ಹೋಗಿ ನರಳಿ ಸಾಯುತ್ತೆ. ತೋಟಾ ಆರಿಸೋದು ಅಂದ್ರೆ ಎಷ್ಟು ದೂರದ್ದನ್ನ ಬಿಟ್ಟುಬಿಡ್ತೀನಿ ಅಂತ ಮನೆಯಲ್ಲೇ ತೀರ್ಮಾನ ಮಾಡೋದು, ಅಂತಿದ್ದ ಅಪ್ಪ."

"ಅಂಥಾ ಅಪ್ಪನ ಮಗಳು ನೀನು ಅವತ್ತು ಎಪ್ಪತ್ತು ಗಜ ದೂರಕ್ಕೆ, ಅದೂ ತಗ್ಗಿನಲ್ಲಿ ಹಾರೋ ಹಕ್ಕಿಗೆ ಹೊಡೆದೆ."

"ಹೊಡೆದೆ."

"ಹಕ್ಕಿ ಕಾಲ ಕೆಳಗೆ ಆಕಾಶ ಕಾಣ್ತಿತ್ತಾ?"

"ಇಲ್ಲ," ಎಂದಳು ರೊವೀನಾ. ಪ್ರಶ್ನೆ ಮುಗಿಯುವ ಮೊದಲೇ ಎಂದಳು.

ಓರ್ಲಿನ್ ಚಾಕು ಮಡಿಸಿದ. ಬೇಟೆ ಇಲಾಖೆಯಲ್ಲಿ ವಾರ್ಡನ್ ಆಗಿ ಕೂದಲು ಬೆಳ್ಳಗೆ ಮಾಡಿಕೊಂಡವನು ಅವನು. ಕೋವಿ ಹಿಡಿಯುವ ಮುನ್ನ ಜಿಲ್ಲೆಯ ಪ್ರತಿ ಮಗುವೂ ಅವನ ಪಾಠಕ್ಕೆ ಕೂರಬೇಕಿತ್ತು. ಆ ಪಾಠದ ಮೊದಲ ಮಾತೇ ಅದು: ಹಕ್ಕಿಯ ಕಾಲ ಕೆಳಗೆ ಆಕಾಶ ಕಾಣದಿದ್ದರೆ ಬೆರಳು ಎಳೆಯಬೇಡ. ಯಾಕೆಂದರೆ ಅಲ್ಲಿ ಬೇಟೆ ನಡೆಯುವುದೇ ಹಾಗೆ. ಅರ್ಧ ಜನ ಸಾಲಾಗಿ ಜೋಳದೊಳಗೆ ನುಗ್ಗಿ ಹಕ್ಕಿಯನ್ನು ಅಟ್ಟುತ್ತಾರೆ, ಉಳಿದವರು ಹೊಲದ ತುದಿಯಲ್ಲಿ ಅಡ್ಡ ನಿಲ್ಲುತ್ತಾರೆ. ಒಬ್ಬರ ಕೋವಿಯ ಬಾಯಿ ಇನ್ನೊಬ್ಬರ ಎದೆಯ ಕಡೆಗೇ ಇರುತ್ತದೆ. ಮಧ್ಯೆ ಇರುವುದು ಆ ಒಂದು ನಿಯಮ.

ಶನಿವಾರ ವರ್ಜಿಲ್ ಹೊಲದ ತುದಿಯಲ್ಲಿ ಅಡ್ಡ ನಿಂತಿದ್ದ. ರೊವೀನಾ ಅಟ್ಟುವವರ ಸಾಲಿನಲ್ಲಿದ್ದಳು. ಹುಂಜ ಎದ್ದಿತು, ಅವಳ ಕೋವಿ ಕೂಗಿತು, ಸಾಲು ಜೋಳ ದಾಟಿ ಹೋಗುವಷ್ಟರಲ್ಲಿ ವರ್ಜಿಲ್ ಮಣ್ಣಲ್ಲಿ ಅಂಗಾತ ಬಿದ್ದಿದ್ದ. "ನಾನೇ, ನಾನೇ" ಎಂದು ಅವಳೇ ಕೂಗಿಕೊಂಡಳು. ಇವತ್ತು ಊಟದ ಹೊತ್ತು ಕಳೆದ ಮೇಲೆ ನ್ಯಾಯಾಧೀಶರ ಮುಂದೆ ನಿಂತು ಅದನ್ನೇ ಹೇಳುವವಳಿದ್ದಳು. ಜೈಲಾಗುತ್ತದೋ ಇಲ್ಲವೋ ಬೇರೆ ಮಾತು. ಅಪ್ಪನನ್ನು ಕೊಂದವಳು ಎಂಬ ಹೆಸರು ಮಾತ್ರ ಗೋರಿಯವರೆಗೂ ಅವಳ ಜೊತೆಗೇ ಬರುತ್ತದೆ.

ಹೊರಗೆ ಜಲ್ಲಿಯ ಮೇಲೆ ಗಾಡಿ ನಿಂತ ಸದ್ದು. ಶೆರಿಫ್ ಮಾರ್ಲಿಸ್ ವೆಂಟ್ಜ್ ಇಳಿದು ಬಂದಳು. ಒಂದು ಕೈಲಿ ಚೀಲ ಹಾಕಿದ ಕೋವಿ, ಇನ್ನೊಂದು ಕೈಲಿ ಮುಚ್ಚಳದ ಸಣ್ಣ ಸೀಸೆ.

"ಮೇಷ್ಟ್ರೇ, ಇದನ್ನೆಲ್ಲ ಹೊರಗೆ ತಂದಿದ್ದು ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ," ಎಂದಳು. ಅವಳೂ ಓರ್ಲಿನ್‌ನ ಪಾಠಕ್ಕೆ ಕೂತವಳೇ.

"ಹೋದ್ರೆ ಹೋಗ್ಲಿ. ಟರ್ಕಿ ಕೋಳಿ ಸಾಕ್ಕೊಂಡಿರು, ಅವು ಒಪ್ಪಿಗೆಪತ್ರ ಕೇಳಲ್ಲ."

"ನಗಬೇಡಿ. ಊಟದ ಹೊತ್ತಿನ ತನಕ ಟೈಮಿದೆ, ಅಷ್ಟೇ. ಆಮೇಲೆ ನಾನೇ ಇವಳನ್ನ ಕೋರ್ಟಿಗೆ ಕರ್ಕೊಂಡು ಹೋಗಬೇಕು."

ರೊವೀನಾ ಎದ್ದಳು. "ಕಾಫಿ ಮಾಡ್ಕೊಂಡು ಬರ್ತೀನಿ," ಎಂದು ಮನೆಯ ಕಡೆ ನಡೆದಳು. ತನ್ನ ಕೋವಿಯ ಕಡೆ ತಿರುಗಿಯೂ ನೋಡಲಿಲ್ಲ.

ಶೆಡ್ಡಿನ ಮೊಳೆಗೆ ವರ್ಜಿಲ್‌ನ ಹಳೆಯ ಕೋಟು ನೇತಾಡುತ್ತಿತ್ತು. ದಪ್ಪ ಕ್ಯಾನ್ವಾಸು, ಒಳಗೆ ಹತ್ತಿ ತುಂಬಿದ ಅಸ್ತರಿ. ಸಾಯುವಾಗ ಮೈಮೇಲಿದ್ದದ್ದು ಇದರದೇ ಜೋಡಿ, ಒಂದೇ ಅಂಗಡಿಯದು. ಓರ್ಲಿನ್ ಅದನ್ನು ಬೇಲಿಯ ಕಂಬಕ್ಕೆ ತೊಡಿಸಿ ಗುಂಡಿ ಹಾಕಿದ.

ಈ ಕೋಟಿನ ಯಜಮಾನನೂ ಅವನೂ ಹನ್ನೆರಡು ವರ್ಷದಿಂದ ಮಾತು ಬಿಟ್ಟಿದ್ದರು. ಒಂದು ಕಾಲದಲ್ಲಿ ಒಂದೇ ತಟ್ಟೆಯಲ್ಲಿ ಉಂಡವರು. ರೊವೀನಾಗೆ ಚರ್ಚಿನಲ್ಲಿ ನೀರು ಹಾಕಿಸಿ ಹೆಸರಿಡುವಾಗ ಮಗುವನ್ನು ಎತ್ತಿ ಹಿಡಿದು, ಇವಳ ಹೊಣೆ ನನ್ನದೂ ಎಂದದ್ದೇ ಓರ್ಲಿನ್. ಆಮೇಲೆ ಒಂದು ಸಲ ವರ್ಜಿಲ್ ಮಿತಿ ಮೀರಿ ಹಕ್ಕಿ ಹೊಡೆದು ಸಿಕ್ಕಿಬಿದ್ದ. ವಾರ್ಡನ್ ಓರ್ಲಿನ್ ಗೆಳೆತನ ನೋಡದೆ ಅವನ ಪರವಾನಗಿ ಕಿತ್ತುಕೊಂಡ. ಅಷ್ಟೇ. ಅಲ್ಲಿಯ ಜನ ಕೂಗಾಡಿ ಜಗಳ ಆಡುವುದಿಲ್ಲ, ರಸ್ತೆಯಲ್ಲಿ ಎದುರಾದರೆ ನಮಸ್ಕಾರಕ್ಕೆಂದು ಸ್ಟಿಯರಿಂಗಿನಿಂದ ಒಂದು ಬೆರಳು ಎತ್ತುವುದನ್ನು ನಿಲ್ಲಿಸುತ್ತಾರೆ. ಅದಕ್ಕಿಂತ ದೊಡ್ಡ ಬೈಗುಳ ಅಲ್ಲಿಲ್ಲ.

"ಹೊಡಿ," ಎಂದ ಓರ್ಲಿನ್. "ಅವಳದೇ ಕೋವಿ, ಅವಳದೇ ತೋಟಾ, ಅವಳು ನಿಂತಿದ್ದಷ್ಟೇ ದೂರ."

ಮಾರ್ಲಿಸ್ ಹೊಡೆದಳು. ಇನ್ನೊಮ್ಮೆ ಹೊಡೆದಳು. ಹೊಲದಾಚೆ ಎಲ್ಲೋ ಒಂದು ಹುಂಜ ಬೈದುಕೊಂಡಿತು.

ಇಬ್ಬರೂ ಕೋಟಿನ ಹತ್ತಿರ ನಡೆದು ಹೋದರು. ಓರ್ಲಿನ್‌ಗೆ ಮಂಡಿ ನೋವು, ಅದಕ್ಕೇ ಅವನು ಈ ಸಲ ಬೇಟೆಗೆ ಹೋಗಿರಲಿಲ್ಲ. ಕುಂಟಿಕೊಂಡು ಅವಳ ಹಿಂದೆ ಬಂದ. ಕೋಟಿನ ಮೇಲೆ ಅಲ್ಲೊಂದು ಇಲ್ಲೊಂದು ಗುರುತು. ಕೆಲವು ಕಾಳು ಅಸ್ತರಿಯಲ್ಲಿ ಸಿಕ್ಕಿಕೊಂಡಿದ್ದವು. ಹೆಚ್ಚಿನವು ಕ್ಯಾನ್ವಾಸಿಗೆ ತಾಗಿ ಕಂಬದ ಬುಡದಲ್ಲಿ ಉದುರಿದ್ದವು.

"ಎಮ್ಮೆ ಬೆನ್ನಿಗೆ ಕಾಳು ಎರಚಿದ ಹಾಗಿದೆಯಲ್ಲ," ಎಂದಳು ಮಾರ್ಲಿಸ್.

"ಅದಕ್ಕೇ ಕೋವಿ ತರಿಸಿದ್ದು. ಸಣ್ಣ ಕಾಳು ಹೊರಡುವಾಗ ಶೂರ, ದೂರ ಹೋಗ್ತಾ ಹೋಗ್ತಾ ಉಸಿರು ಬಿಡುತ್ತೆ. ವರ್ಜಿಲ್‌ನ ಎದೆಯಲ್ಲಿ ಎಷ್ಟು ಆಳದಲ್ಲಿತ್ತು ಅಂದ್ರು ಡಾಕ್ಟರು?"

"ಬೆನ್ನುಮೂಳೆ ತನಕ." ಅವಳ ದನಿ ಇಳಿಯಿತು. "ಎಲ್ಲ ಒಂದೇ ಕಡೆ. ಊಟದ ತಟ್ಟೆ ಅಗಲದಲ್ಲಿ."

"ಎಪ್ಪತ್ತು ಗಜ ಹಾರಿ ಬಂದ ಚರೆ ಒಂದು ತಟ್ಟೆಯಲ್ಲಿ ಕೂರುತ್ತಾ ಮಾರ್ಲಿಸ್? ಕೊಟ್ಟಿಗೆ ಬಾಗಿಲಷ್ಟು ಹರಡಿರುತ್ತೆ. ನನ್ನ ಪಾಠದಲ್ಲಿ ನಿದ್ದೆ ಮಾಡ್ತಿದ್ಯಾ?"

"ಅವಳೇ ಒಪ್ಪಿಕೊಂಡಳಲ್ಲ ಮೇಷ್ಟ್ರೇ! ಒಪ್ಪಿಕೊಂಡ ಮೇಲೆ ಯಾರು ಗಜಕಡ್ಡಿ ಹಿಡೀತಾರೆ?"

ಅದು ನಿಜವೇ. ಓರ್ಲಿನ್ ಮತ್ತೇನೂ ಚುಚ್ಚಲಿಲ್ಲ. ಶೆಡ್ಡಿಗೆ ಬಂದು, ಡಾಕ್ಟರು ವರ್ಜಿಲ್‌ನ ಎದೆಯಿಂದ ತೆಗೆದಿದ್ದ ಚರೆಯ ಸೀಸೆಯನ್ನು ಕೈಗೆತ್ತಿಕೊಂಡ. ಬೆಳಕಿಗೆ ಹಿಡಿದು ಅಲುಗಿಸಿದ. ಒಳಗಿನ ಕಾಳುಗಳು ಮೆಣಸಿನಷ್ಟು ದಪ್ಪಗಿದ್ದವು. ಮೂಳೆಗೆ ಬಡಿದಿದ್ದರೂ ಒಂದಾದರೂ ಚಪ್ಪಟೆಯಾಗಿರಲಿಲ್ಲ.

ಗೋಡೆಯ ಮೇಲೆ ವರ್ಜಿಲ್ ಮೊಳೆ ಆರಿಸಲು ಇಟ್ಟುಕೊಂಡಿದ್ದ ಅಯಸ್ಕಾಂತ ಇತ್ತು. ಓರ್ಲಿನ್ ಅದನ್ನು ತಂದು ಸೀಸೆಯ ಪಕ್ಕಕ್ಕೆ ಒತ್ತಿದ.

ಕಾಳುಗಳು ಇರುವೆಯ ಹಾಗೆ ಗಾಜು ಹತ್ತಿಕೊಂಡು ಬಂದು ಅಂಟಿಕೊಂಡವು.

ಮಾರ್ಲಿಸ್ ಬಾಯಿಗೆ ಕೈ ಅಡ್ಡ ಹಿಡಿದಳು. "ಉಕ್ಕು."

"ಉಕ್ಕು. ಎರಡನೇ ನಂಬರು ಇರಬೇಕು. ಉಕ್ಕು ಹಗುರ ಅಲ್ವಾ, ಅದಕ್ಕೇ ಕಾಳು ದಪ್ಪ ಮಾಡಿ, ವೇಗ ಜಾಸ್ತಿ ಕೊಟ್ಟು ತುಂಬ್ತಾರೆ. ಇದು ಹುಂಜದ ತೋಟಾ ಅಲ್ಲ, ಬಾತುಕೋಳಿಯದು. ಕೆರೆ ಮೇಲೆ ಸೀಸ ಹೊಡೆಯೋ ಹಾಗಿಲ್ಲ, ಸರ್ಕಾರದ ಕಾನೂನು. ಬೆಳಗಾಗೋ ಹೊತ್ತಿಗೆ ಕೆರೆಯಲ್ಲಿ ಬಾತು, ಬಿಸಿಲೇರಿದ ಮೇಲೆ ಜೋಳದಲ್ಲಿ ಹುಂಜ. ಎರಡಕ್ಕೂ ಹಾಕೋದು ಅದೇ ಕೋಟು. ಜೇಬು ಖಾಲಿ ಮಾಡೋದು ಮರೆತ ಯಾವನೋ ಹತ್ತಿರದಿಂದ ಹೊಡೆದಿದ್ದಾನೆ. ಇಪ್ಪತ್ತೈದು ಗಜದ ಒಳಗೆ."

"ತುದಿಯಲ್ಲಿ ಅಡ್ಡ ನಿಂತಿದ್ದೋರು ಇಬ್ಬರೇ," ಎಂದಳು ಮಾರ್ಲಿಸ್ ನಿಧಾನವಾಗಿ. "ವರ್ಜಿಲ್, ಆಮೇಲೆ ವೆಂಡೆಲ್."

ವೆಂಡೆಲ್ ಪಕ್ಕದ ಹೊಲದವನು. ಒಂದು ಕಿವಿ ಮಂದ, ನಾಲಿಗೆ ಚುರುಕು. ವರ್ಜಿಲ್‌ನ ಜೌಗು ನೆಲ ಕೊಡು ಕೊಡು ಎಂದು ವರ್ಷಗಟ್ಟಲೆ ಪೀಡಿಸಿದವನು. ಕೆರೆಗೆ ಬಾತು ಇಳಿಯುವ ಮೊದಲೇ ಇಳಿಯುವವನು.

"ಅವನು ದೂರದ ಮೂಲೆಯಲ್ಲಿದ್ದೆ ಅಂತಾನೆ," ಎಂದ ಓರ್ಲಿನ್.

"ಅಂತಾನೆ ಅಷ್ಟೇ. ನೋಡಿದೋರು ಯಾರು?" ಮಾರ್ಲಿಸ್ ಆಗಲೇ ಫೋನು ತೆಗೆದಿದ್ದಳು. "ಕರೆಸ್ತೀನಿ. ಕೋರ್ಟಿಗೂ ಹೇಳ್ತೀನಿ, ಇವತ್ತು ಬೇಡ ಅಂತ." ಸಿಗ್ನಲ್ ಹುಡುಕಿಕೊಂಡು ಹೊರಗೆ ಹೋದಳು.

ಓರ್ಲಿನ್ ಹಳೆಯ ಡಬ್ಬದ ಮೇಲೆ ಕೂತು ಕಾಲು ಚಾಚಿದ. ಎದೆಯ ಮೇಲಿನ ಕಲ್ಲೊಂದು ಸರಿದ ಹಾಗಾಗಿತ್ತು. ಕೈಲಿ ಹಿಡಿದು ದೇವರ ಮುಂದೆ ಮಾತು ಕೊಟ್ಟ ಮಗು. ಸದ್ಯ.

ರೊವೀನಾ ಕಾಫಿ ಹಿಡಿದು ಬಂದಳು. ಓರ್ಲಿನ್ ಅಯಸ್ಕಾಂತ ಅಂಟಿದ್ದ ಸೀಸೆಯನ್ನು ಮೇಜಿನ ಮೇಲೆ ಅವಳ ಕಡೆಗೆ ಸರಿಸಿದ.

"ನಿನ್ನದಲ್ಲ ಮಗಳೇ. ನಿನ್ನ ಚರೆ ಅವನ ಕೋಟನ್ನೂ ದಾಟಿಲ್ಲ. ಇದು ಉಕ್ಕು."

ಅವಳು ಅಳುತ್ತಾಳೆ ಎಂದುಕೊಂಡಿದ್ದ. ಕುಸಿದು ಕೂರುತ್ತಾಳೆ, ಅವನ ಕೈ ಹಿಡಿಯುತ್ತಾಳೆ ಎಂದುಕೊಂಡಿದ್ದ. ರೊವೀನಾಳ ಮುಖದಲ್ಲಿ ರಕ್ತವೇ ಇರಲಿಲ್ಲ.

"ನನ್ನ ಹತ್ರ ಉಕ್ಕಿನದೂ ಇತ್ತು," ಎಂದಳು.

"ಏನಂದೆ?"

"ಜೇಬಲ್ಲಿತ್ತು. ಬೆರೆತುಹೋಗಿತ್ತು. ಅದನ್ನೇ ಹಾಕಿದ್ದೆ. ಹಂಗೇ ಬರ್ಕೊಳ್ಳಿ."

"ಯಾವ ಕೋವಿಗೆ?" ಓರ್ಲಿನ್ ಮೇಜಿನ ಮೇಲಿದ್ದ ಕೋವಿಯನ್ನು ಎತ್ತಿದ. ಅವಳ ಅಜ್ಜನ ಕಾಲದ್ದು, ನಳಿಗೆ ತೆಳ್ಳಗೆ, ಬಾಯಿ ಬಿಗಿ. "ಇದಕ್ಕೆ ಉಕ್ಕು ಹಾಕಿದ್ರೆ ಬಾಯಿ ಉಬ್ಬಿಹೋಗುತ್ತೆ. ಬೆರಳಿಟ್ಟು ನೋಡು, ಕನ್ನಡಿ ಹಾಗಿದೆ. ಈ ಮನೆಯಲ್ಲಿ ಹುಟ್ಟಿದವಳು ಇದಕ್ಕೆ ಉಕ್ಕು ತುಂಬ್ತಾಳಾ? ಇನ್ಯಾರಿಗಾದ್ರೂ ಹೇಳು."

"ಹಾಕಿದ್ದೆ ಅಂದ್ರೆ ಹಾಕಿದ್ದೆ!"

"ಆಗಲೇ ಇಲ್ಲೇ ಕೂತು ಆರನೇ ನಂಬರು ಸೀಸ ಅಂದ್ಯಲ್ಲ? ನಾನು ಉಕ್ಕು ಅಂದ ತಕ್ಷಣ ಉಕ್ಕಾಯ್ತಾ? ನಾಳೆ ಕವಣೆ ಕಲ್ಲು ಅಂದ್ರೆ ಅದೂ ನಿನ್ನದೇನಾ? ವೆಂಡೆಲ್‌ನ ಉಳಿಸೋಕೆ ಹೊರಟಿದ್ದೀಯಾ? ಯಾಕೆ? ಆ ಕಿವುಡ ನಿನಗೇನಾಗಬೇಕು?"

"ವೆಂಡೆಲ್ ಅಲ್ಲ!"

ಆ ಮಾತು ಅವಳ ಬಾಯಿ ಜಾರಿ ಬಿತ್ತು. ತಗಡಿನ ಮಾಡಿನ ಮೇಲೆ ಗಾಳಿ ಎಳೆದುಕೊಂಡು ಹೋಯಿತು.

"ಬಿಟ್ಟುಬಿಡಿ ಮಾಮ," ಎಂದಳು ರೊವೀನಾ. ಈಗ ಅವಳ ಕಣ್ಣು ತುಂಬಿತ್ತು. "ಹೋದೋನು ಹೋದ. ಹೋಗುವಾಗ ಅವನಿಗೆ ಸಂತೋಷ ಆಗಿತ್ತು. ನನಗೆ ಅಷ್ಟು ಸಾಕು."

"ಸಂತೋಷ?"

"ನಾನು ಹೊಡೆಯೋಕೆ ಮುಂಚೆ ಅಪ್ಪ ನಮಗೆ ಬೆನ್ನು ಹಾಕಿ ತಿರುಗಿದ. ರಸ್ತೆ ಪಕ್ಕದ ಮರಗಳ ಕಡೆ. ಯಾರನ್ನೋ ಕರೆದ. ಗಾಳಿ ನನ್ನ ಕಡೆ ಇರಲಿಲ್ಲ, ಆದ್ರೂ ಕೇಳಿಸ್ತು. ಅಷ್ಟು ಜೋರಾಗಿ ಕರೆದ. ಹಬ್ಬಕ್ಕೆ ಬಂದ ನೆಂಟರನ್ನ ಕರೆದ ಹಾಗೆ. ಆ ಹುಂಜ ಎದ್ದಿದ್ದಕ್ಕೆ ನಾನು ಮೇಲಕ್ಕೆ ಹೊಡೆದೆ. ಕಾಲ ಕೆಳಗೆ ಬೇಕಾದಷ್ಟು ಆಕಾಶ ಇತ್ತು. ನನ್ನ ಈಡಿನ ಜೊತೆಗೇ ಇನ್ನೊಂದು ಕೇಳಿಸ್ತು. ಆ ಕಡೆಯಿಂದ."

"ಯಾರನ್ನ ಕರೆದ?"

ಅವಳು ತಲೆ ಎತ್ತಿದಳು.

"‘ಓರ್ಲಿನ್! ಬಂದ್ಯೇನೋ!’ ಅಂದ. ಹನ್ನೆರಡು ವರ್ಷ ಆದ ಮೇಲೆ ಅಪ್ಪನ ಬಾಯಲ್ಲಿ ನಿಮ್ಮ ಹೆಸರು ಬಂದಿದ್ದು ಅವತ್ತೇ ಮಾಮ. ಮರಗಳ ಹಿಂದೆ ನಿಮ್ಮ ಹಸಿರು ಪಿಕಪ್ಪು ನಿಂತಿತ್ತು. ನಾನೂ ನೋಡಿದೆ. ನೀವು ರಾಜಿಗೆ ಬಂದಿರಿ, ಅಪ್ಪ ಕೂಗಿದ, ನೀವು ಗಾಬರಿಯಲ್ಲಿ ಹುಂಜಕ್ಕೆ ಹೊಡೆದಿರಿ, ಏನೋ ಹೆಚ್ಚು ಕಡಿಮೆ ಆಯ್ತು. ಬೇಕಂತ ಮಾಡೋರಲ್ಲ ನೀವು. ಅಪ್ಪ ಹೇಗೂ ಹೋದ, ನಿಮ್ಮನ್ನೂ ಯಾಕೆ ಕಳ್ಕೋಬೇಕು ಅಂತ ನನ್ನ ತಲೆ ಮೇಲೆ ಹಾಕ್ಕೊಂಡೆ. ನೀವೇ ಬಂದು ಬಿಡಿಸ್ತೀನಿ ಅಂತ ಕೂತ್ರೆ ನಾನೇನು ಮಾಡ್ಲಿ?"

ಓರ್ಲಿನ್ ಕೋವಿಯನ್ನು ಮೇಜಿನ ಮೇಲಿಟ್ಟ.

ಶನಿವಾರ ಅವನು ಮನೆ ಬಿಟ್ಟು ಕದಲಿರಲಿಲ್ಲ. ಮಂಡಿಗೆ ಬಿಸಿ ಕಟ್ಟಿಕೊಂಡು, ಕಾಲನ್ನು ಕುರ್ಚಿಯ ಮೇಲಿಟ್ಟು, ರೇಡಿಯೋದಲ್ಲಿ ಫುಟ್‌ಬಾಲ್ ಕೇಳುತ್ತ ಕೂತಿದ್ದ. ಪಿಕಪ್ಪು ಅಂಗಳದಲ್ಲಿರಲಿಲ್ಲ. ಬೇಟೆಗಾರರ ರಾತ್ರಿಯೂಟಕ್ಕೆ ಚರ್ಚಿನ ಅಡುಗೆಮನೆಯಲ್ಲಿ ಕೆಲಸವಿದೆ ಎಂದು ಬೀಗದ ಕೈ ತೆಗೆದುಕೊಂಡು ಹೋಗಿದ್ದವಳು ಆರ್ಡಿತ್. ಕೆರೆಯ ಜೊಂಡುಹುಲ್ಲಿನ ನಡುವೆ ಅವನ ಪಕ್ಕ ಕೂತು ನಲವತ್ತು ವರ್ಷ ಬಾತು ಹೊಡೆದವಳು. ಅವಳ ಕೋವಿ ಸೀಟಿನ ಹಿಂದೆಯೇ ಇರುತ್ತದೆ. ಅವತ್ತು ಸಂಜೆ ಬಂದವಳು ಚರ್ಚಿನ ಒಂದು ಸುದ್ದಿಯನ್ನೂ ಹೇಳಿರಲಿಲ್ಲ. ಇವತ್ತು ಬೆಳಿಗ್ಗೆ ಬಾಗಿಲಲ್ಲಿ ನಿಂತು, "ಆ ಹುಡುಗಿ ಒಪ್ಪಿಕೊಂಡಿದ್ದಾಳಲ್ಲ, ನೀವ್ಯಾಕೆ ಕೆದಕೋಕೆ ಹೋಗ್ತೀರಿ?" ಎಂದಿದ್ದಳು.

ಗಾಡಿ ನೋಡಿ ವರ್ಜಿಲ್ ಹೆಸರು ಕೂಗಿದ್ದ. ಒಳಗೆ ಯಾರಿದ್ದಾರೆಂದು ನೋಡಲು ಅವನಿಗೆ ಪುರುಸೊತ್ತು ಸಿಕ್ಕಿರಲಿಲ್ಲ.

ಬಾಗಿಲ ಬೆಳಕು ಕಪ್ಪಾಯಿತು. ಮಾರ್ಲಿಸ್ ನಿಂತಿದ್ದಳು. ಫೋನು ಇನ್ನೂ ಕೈಲೇ ಇತ್ತು, ಕಿವಿಯಲ್ಲಿ ಮಾತ್ರ ಇರಲಿಲ್ಲ. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಮೇಷ್ಟ್ರೇ," ಎಂದಳು. ಆ ಮೇಷ್ಟ್ರೇಯಲ್ಲಿ ಈಗ ಶಿಷ್ಯೆ ಇರಲಿಲ್ಲ. "ಶನಿವಾರ ನಿಮ್ಮ ಪಿಕಪ್ಪು ಯಾರ ಕೈಲಿತ್ತು?"

ನಿಜ ಹೇಳಿದರೆ ಒಂದೇ ಹೆಸರು. ಸುಮ್ಮನಿದ್ದರೆ ಊಟದ ಹೊತ್ತಿಗೆ ರೊವೀನಾ ಮತ್ತೆ ಆ ಉಕ್ಕನ್ನು ತನ್ನ ಜೇಬಿಗೆ ಹಾಕಿಕೊಳ್ಳುತ್ತಾಳೆ. ಮಾಡದ ತಪ್ಪನ್ನು ಒಪ್ಪಿಕೊಳ್ಳುವವರನ್ನು ಈ ಬೆಳಿಗ್ಗೆಯವರೆಗೂ ಮೂರ್ಖರು ಎಂದುಕೊಂಡಿದ್ದ ಓರ್ಲಿನ್.

ಮೇಜು ಹಿಡಿದು ಎದ್ದು ನಿಂತ. ಎರಡೂ ಕೈಯನ್ನು ಮಾರ್ಲಿಸ್‌ಗೆ ಕಾಣುವ ಹಾಗೆ ಮುಂದಿಟ್ಟ.

"ನನ್ನ ಕೈಲೇ ಇತ್ತು," ಎಂದ. "ಇನ್ಯಾರ ಕೈಲಿರುತ್ತೆ?"

ಇಷ್ಟು ಕೇಳಿದಿರಲ್ಲ, ನಿಮ್ಮೊಳಗೇ ಇಟ್ಟುಕೊಂಡು ಕೊಳೆಸಬೇಡಿ. ಅಣ್ಣನಿಗೆ, ಅತ್ತಿಗೆಗೆ, ಎದುರುಮನೆಯವರಿಗೆ ದಾಟಿಸಿ. ದಾಟಿಸುವಾಗ ನಾನು ಹೇಳಿದ ಹಾಗೇ ದಾಟಿಸಿ. ಆರ್ಡಿತ್ ಹೊಡೆದಳು ಎಂದು ನಾನು ಎಲ್ಲಿಯೂ ಹೇಳಿಲ್ಲ.